ಹೊಸ್ತಿಲಾಚೆಯ ತೊಗಲು

ಶನಿವಾರ ಬೆಳಗ್ಗೆ ಜಯನಗರ ಒಂಬತ್ತನೇ ಬ್ಲಾಕಿನ ರಾಗಿಗುಡ್ಡದ ಆಂಜನೇಯನ ದರ್ಶನಕ್ಕೆ ಬರುವವರ ಕಾಲಿನ ಕಡೆ ಸ್ವಲ್ಪ ಹೊತ್ತು ನೋಡಿದರೆ ಸಾಕು, ಲೇಸ್ ಕಟ್ಟುವ ಶೂ ಈ ಊರಿನ ದಿನಚರಿಗೆ ಒಗ್ಗುವುದಿಲ್ಲ ಎಂದು ಗೊತ್ತಾಗುತ್ತದೆ. ಗುಡಿಯ ಮುಂದೆ ಬಿಚ್ಚಬೇಕು, ಮನೆ ಬಾಗಿಲಲ್ಲಿ ಬಿಚ್ಚಬೇಕು, ಐದನೇ ಬ್ಲಾಕಿನ ರಾಯರ ಮಠದಲ್ಲಿ ಬಿಚ್ಚಬೇಕು, ನೆಂಟರ ಗೃಹಪ್ರವೇಶದಲ್ಲಿ ಬಿಚ್ಚಬೇಕು. ಕೆಲವು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲೂ ಅದೇ ಶಾಸ್ತ್ರ. ಆಫೀಸಿನಿಂದ ನೇರ ಪೂಜೆಗೆ ಹೋಗುವ ಬಿಟಿಎಂ ಲೇಔಟಿನ ಹುಡುಗರು, ಬ್ಯಾಂಕಿನಿಂದ ರಿಟೈರ್ ಆದ ಬನಶಂಕರಿಯ ಹಿರಿಯರು, ಎಲ್ಲರಿಗೂ ಅನುಕೂಲವಾಗಿರುವುದು ಎರಡೂ ಪಕ್ಕಕ್ಕೆ ಎಲಾಸ್ಟಿಕ್ ಪಟ್ಟಿ ಹೊಲಿದ ಚರ್ಮದ ಶೂ. ಬಗ್ಗುವ ಕೆಲಸವಿಲ್ಲ. ಒಂದು ಕಾಲಿನ ತುದಿಯಿಂದ ಇನ್ನೊಂದರ ಹಿಮ್ಮಡಿ ಒತ್ತಿದರೆ ಕಳಚಿಕೊಳ್ಳುತ್ತದೆ.

ಈ ಬಗೆಯ ಬೂಟನ್ನು ಮಾಡಿದವನು ಲಂಡನ್ನಿನ ಸ್ಪಾರ್ಕ್ಸ್ ಹಾಲ್, ವಿಕ್ಟೋರಿಯಾ ರಾಣಿಯ ಬೂಟು ಹೊಲಿಯುತ್ತಿದ್ದವನು. 1851ರಲ್ಲಿ ಪೇಟೆಂಟ್ ಪಡೆದ. ರಬ್ಬರನ್ನು ಗಂಧಕದ ಜೊತೆ ಕಾಯಿಸಿ ಗಟ್ಟಿ ಮಾಡುವ ವಿದ್ಯೆಗೆ ಅಮೆರಿಕದಲ್ಲಿ ಚಾರ್ಲ್ಸ್ ಗುಡ್‌ಇಯರ್ ಪೇಟೆಂಟ್ ಪಡೆದದ್ದು 1844ರಲ್ಲಿ. ಅದಿಲ್ಲದಿದ್ದರೆ ಈ ಶೂ ಬಾಳುತ್ತಲೇ ಇರಲಿಲ್ಲ. ರಾಣಿ ಅದನ್ನು ತೊಟ್ಟು ನಡೆದಾಡಿದಳಂತೆ. ಆದರೆ ದಿನಕ್ಕೆ ಐದಾರು ಬಾರಿ ಹೊಸ್ತಿಲಾಚೆ ಬಿಚ್ಚಿಡುವ ಜನ ಹಾಲ್‌ನ ಕಣ್ಣೆದುರು ಇರಲಿಲ್ಲ. ದಕ್ಷಿಣ ಬೆಂಗಳೂರಿನಲ್ಲಿ ಈ ಶೂ ಸವೆಯುವುದು ನಡೆದು ಅಲ್ಲ, ಬಿಚ್ಚಿ. ಭಕ್ತಿ ಹೆಚ್ಚಿದಷ್ಟೂ ಎಲಾಸ್ಟಿಕ್ ಬೇಗ ಸಡಿಲ.

ಸಡಿಲವಾಗುವುದು ಹೇಗೆ ಎಂಬುದಕ್ಕೆ ರಸಾಯನಶಾಸ್ತ್ರದಲ್ಲಿ ನೇರ ಉತ್ತರವಿದೆ. ಪಟ್ಟಿಯೊಳಗೆ ಇರುವುದು ಸಣ್ಣ ರಬ್ಬರ್ ಎಳೆಗಳು, ಅವುಗಳ ಸುತ್ತ ನೂಲಿನ ನೇಯ್ಗೆ. ಗಾಳಿಯ ಆಮ್ಲಜನಕ, ಬಿಸಿಲು, ಬೆವರು ಎಲ್ಲವೂ ರಬ್ಬರನ್ನು ತಿನ್ನುತ್ತವೆ. ವಾಹನದ ಹೊಗೆಗೆ ಬಿಸಿಲು ತಾಗಿ ಹುಟ್ಟುವ ಓಝೋನ್ ಎಲ್ಲಕ್ಕಿಂತ ಕೆಟ್ಟದ್ದು. ಸುಮ್ಮನಿರುವ ರಬ್ಬರಿಗೆ ಅದು ಹೆಚ್ಚೇನೂ ಮಾಡದು, ಎಳೆದು ಹಿಡಿದ ರಬ್ಬರನ್ನು ಅಡ್ಡಡ್ಡ ಸೀಳುತ್ತದೆ. ಆದ್ದರಿಂದ ಶೂ ಆಕಾರ ಕೆಡದಿರಲೆಂದು ಅಳತೆಗಿಂತ ದೊಡ್ಡ ಮರದ ಅಚ್ಚು ತುರುಕಿಡುವವರು ತಮಗೆ ಗೊತ್ತಿಲ್ಲದೆಯೇ ಎಲಾಸ್ಟಿಕ್‌ಗೆ ಶಿಕ್ಷೆ ಕೊಡುತ್ತಿರುತ್ತಾರೆ. ಪಾಲಿಶ್ ಕೂಡ ಹಾಗೆಯೇ. ಡಬ್ಬಿಯ ಮೇಣದಲ್ಲಿ ಸೇರಿರುವ ಟರ್ಪೆಂಟೈನ್ ಜಾತಿಯ ದ್ರಾವಕ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಚರ್ಮಕ್ಕೆ ಅಮೃತವಾದದ್ದು ಪಕ್ಕದ ಪಟ್ಟಿಗೆ ವಿಷ. ಪಟ್ಟಿಗೆ ತಾಗದಂತೆ ಬಟ್ಟೆಯಿಂದ ಹಚ್ಚುವುದು, ಹಾಕಿಕೊಳ್ಳುವಾಗ ಶೂ ಹಾರ್ನ್ ಬಳಸುವುದು, ಒಂದು ದಿನ ತೊಟ್ಟರೆ ಮರುದಿನ ಬಿಡುವು ಕೊಡುವುದು, ಸೆಪ್ಟೆಂಬರಿನ ಮಳೆಯಲ್ಲಿ ನೆನೆದರೆ ಹಳೇ ಪೇಪರ್ ತುಂಬಿ ನೆರಳಲ್ಲಿ ಒಣಗಿಸುವುದು. ಇಷ್ಟು ಮಾಡಿದರೆ ಆಯಸ್ಸು ಖಂಡಿತ ಹೆಚ್ಚುತ್ತದೆ.

ಆದರೂ ಮೊದಲು ಸಾಯುವುದು ಎಲಾಸ್ಟಿಕ್ಕೇ. ಆಗ ಶೂ ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ, ಮೇಲಿನ ತೊಗಲು ಮಾತ್ರ ಇನ್ನೂ ಎಷ್ಟೋ ವರ್ಷ ಬಾಳುವಷ್ಟು ಗಟ್ಟಿಯಾಗಿರುತ್ತದೆ. ಇಲ್ಲಿಂದ ಮುಂದೆ ರಸಾಯನಶಾಸ್ತ್ರ ಕೈಬಿಡುತ್ತದೆ. ಎಲಾಸ್ಟಿಕ್, ಅಟ್ಟೆ, ಒಳಪದರ ಎಲ್ಲ ಬದಲಿಸಿದ ಮೇಲೂ ಅದು ಅದೇ ಶೂ ಹೌದೋ ಅಲ್ಲವೋ ಎಂಬ ತರ್ಕ ಹಳೆಯದು. ಬಿಡಿಭಾಗಗಳಲ್ಲಿ ರಥವೆಂಬುದು ಯಾವುದು ಎಂಬ ಅದರ ನೆಂಟ ಪ್ರಶ್ನೆಯನ್ನು ನಾಗಸೇನ ಭಿಕ್ಷು ಮಿಲಿಂದ ರಾಜನ ಮುಂದೆ ಎತ್ತಿದ್ದ. ರಿಪೇರಿಗೆ ಬಂದ ಶೂ ಎತ್ತುವ ಪ್ರಶ್ನೆ ಬೇರೆ, ಇನ್ನೂ ಕಷ್ಟದ್ದು: ಕೆಲವೇ ರೂಪಾಯಿಯ ಪಟ್ಟಿ ಹೋಯಿತೆಂದು ಒಂದು ಪ್ರಾಣಿಯ ಚರ್ಮವನ್ನು ಕಸಕ್ಕೆ ಎಸೆಯಬಹುದೇ? ತೊಗಲು ತೊಟ್ಟವನಿಗೆ ಅದರ ಋಣವೆಂಬುದು ಇದೆಯೇ?

ಕನ್ನಡ ನಾಡಿನಲ್ಲಿ ಈ ಪ್ರಶ್ನೆ ಹರಳಯ್ಯನನ್ನು ದಾಟಿ ಹೋಗಲಾರದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಈ ಶರಣನ ಕತೆಯನ್ನು ಪರಂಪರೆ ಹೀಗೆ ಹೇಳುತ್ತದೆ. ಹರಳಯ್ಯ ಬಸವಣ್ಣನಿಗೆ ಒಮ್ಮೆ ಶರಣು ಎಂದ. ಬಸವಣ್ಣ ಮರಳಿ ಎರಡು ಬಾರಿ ಶರಣು ಎಂದ. ಹೆಚ್ಚಾಗಿ ಬಂದ ಆ ಒಂದು ಶರಣು ಹರಳಯ್ಯನಿಗೆ ಹೊರಲಾರದ ಸಾಲವಾಯಿತು. ತನ್ನ ತೊಡೆಯ ಚರ್ಮವನ್ನೂ ಹೆಂಡತಿ ಕಲ್ಯಾಣಮ್ಮನ ತೊಡೆಯ ಚರ್ಮವನ್ನೂ ಸುಲಿದು, ಹದ ಮಾಡಿ, ಜೋಡು ಹೊಲಿದು ತಂದ. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡ. ಅದನ್ನು ಕಾಲಿಗೆ ಹಾಕಿಕೊಂಡ ಬ್ರಾಹ್ಮಣ ಮಧುವರಸನಿಗೆ ಮೈಯೆಲ್ಲ ಉರಿ ಹತ್ತಿತು. ಮುಂದೆ ಅದೇ ಮಧುವರಸ ತನ್ನ ಮಗಳನ್ನು ಹರಳಯ್ಯನ ಮಗನಿಗೆ ಕೊಟ್ಟು ಮದುವೆ ಮಾಡಿದ. ಜಾತಿ ಮೀರಿದ ಆ ಮದುವೆಗಾಗಿ ರಾಜ ಬಿಜ್ಜಳ ಇಬ್ಬರೂ ತಂದೆಯರಿಗೆ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆ ಶಿಕ್ಷೆ ಕೊಟ್ಟ. ಕಲ್ಯಾಣ ಹೊತ್ತಿ ಉರಿಯಿತು. ಗಿರೀಶ ಕಾರ್ನಾಡರ ‘ತಲೆದಂಡ’ ನಾಟಕದ ತಿರುಳೂ ಆ ಮದುವೆಯೇ.

ಈ ಕತೆಯನ್ನು ಭಕ್ತಿಯ ಪರಾಕಾಷ್ಠೆ ಎಂದು ಓದುವುದು ರೂಢಿ. ಚಮ್ಮಾರನ ಕಣ್ಣಿನಿಂದ ಓದಿದರೆ ಬೇರೆಯೇ ಕಾಣುತ್ತದೆ. ಎಲ್ಲ ಜೋಡೂ ಯಾರದ್ದೋ ತೊಡೆಯ, ಬೆನ್ನಿನ ಚರ್ಮವೇ. ಹರಳಯ್ಯನ ಜೋಡಿನಲ್ಲಿ ಮಾತ್ರ ಆ ‘ಯಾರು’ ಎಂಬುದು ಗೊತ್ತಿತ್ತು, ಹೆಸರಿತ್ತು, ಎದುರಿಗೇ ನಿಂತಿತ್ತು. ಗೊತ್ತಾದ ಕೂಡಲೇ ಬಸವಣ್ಣನಿಗೆ ಮೆಟ್ಟಲು ಆಗಲಿಲ್ಲ. ಉಳಿದವರು ನಿಶ್ಚಿಂತೆಯಿಂದ ಮೆಟ್ಟಿ ನಡೆಯುವುದಕ್ಕೆ ಕಾರಣ ಗೊತ್ತಿಲ್ಲದಿರುವುದೇ. ಇನ್ನೊಂದು ಮಾತೂ ಇದೆ. ತಲೆಯ ಮೇಲಿಟ್ಟುಕೊಂಡರೆ ತೊಗಲು ಸವೆಯದು ಎಂಬ ಉಪಾಯ ಆ ಕಾಲಕ್ಕೆ ಸರಿ. ಇಂದಿನ ಶೂವನ್ನು ಪಾದುಕೆಯಂತೆ ಪೂಜಿಸಿ ಬೀರುವಿನಲ್ಲಿಟ್ಟರೆ ಉಳಿಯುವುದಿಲ್ಲ. ಅದರ ಪಾಲಿಯುರೆಥೇನ್ ಸೋಲ್ ಗಾಳಿಯ ತೇವಕ್ಕೇ ಒಳಗೊಳಗೆ ಒಡೆಯುತ್ತದೆ. ಮಗಳ ಮದುವೆಗೆಂದು ಕೊಂಡು ಡಬ್ಬದಲ್ಲೇ ಇಟ್ಟಿದ್ದ ಶೂವನ್ನು ವರ್ಷಗಳ ಮೇಲೆ ಮೊಮ್ಮಗನ ನಾಮಕರಣಕ್ಕೆ ಹಾಕಿಕೊಂಡರೆ ಅಂಗಳ ದಾಟುವಷ್ಟರಲ್ಲಿ ಸೋಲ್ ಪುಡಿಪುಡಿಯಾಗಿ ಉದುರುತ್ತದೆ.

ಹರಳಯ್ಯನಿಗಿಂತ ಬಹಳ ಹಿಂದೆಯೇ ಬೌದ್ಧರು ತೊಗಲಿನ ಈ ಪ್ರಶ್ನೆಯನ್ನು ಕಾನೂನಿನಂತೆ ಬಿಡಿಸಿ ಚರ್ಚಿಸಿದ್ದರು. ವಿನಯಪಿಟಕದ ಮಹಾವಗ್ಗದಲ್ಲಿ ಚರ್ಮಕ್ಕೆಂದೇ ಒಂದು ಅಧ್ಯಾಯವಿದೆ. ಸೋಣನೆಂಬ ಶ್ರೀಮಂತರ ಮನೆಯ ಹುಡುಗ ಭಿಕ್ಷುವಾದ. ಅವನ ಅಂಗಾಲು ಎಷ್ಟು ಎಳಸೆಂದರೆ ನಡೆದು ಧ್ಯಾನ ಮಾಡುವ ದಾರಿಯೆಲ್ಲ ರಕ್ತವಾಯಿತು. ಬುದ್ಧ ಒಂದೇ ಪದರದ ಚಪ್ಪಲಿ ಹಾಕಿಕೋ ಎಂದ. ಸೋಣ ಒಪ್ಪಲಿಲ್ಲ, ಎಲ್ಲ ಭಿಕ್ಷುಗಳಿಗೂ ಕೊಟ್ಟರೆ ಮಾತ್ರ ತನಗೂ ಇರಲಿ ಎಂದ. ಎಲ್ಲರಿಗೂ ಅನುಮತಿ ಸಿಕ್ಕಿತು. ಮುಂದೆ ಬರುವ ನಿಯಮ ನಮ್ಮ ವಿಷಯಕ್ಕೆ ನೇರವಾಗಿ ತಾಗುತ್ತದೆ. ಹಲವು ಪದರದ ಗಟ್ಟಿ ಚಪ್ಪಲಿ ಹೊಸದಾದರೆ ಭಿಕ್ಷು ತೊಡುವಂತಿಲ್ಲ, ಇನ್ನೊಬ್ಬರು ಹಾಕಿ ಬಿಟ್ಟದ್ದಾದರೆ ತೊಡಬಹುದು. ಬಾಳಿಕೆ ತಪ್ಪಲ್ಲ, ಬಾಳಿಕೆಗಾಗಿ ಹೊಸ ತೊಗಲು ಕೇಳುವುದು ತಪ್ಪು.

ಅದೇ ಅಧ್ಯಾಯದಲ್ಲಿ ಇನ್ನೊಂದು ಪ್ರಸಂಗವಿದೆ, ಓದಿದವರು ಸುಲಭಕ್ಕೆ ಮರೆಯಲಾರರು. ಒಬ್ಬ ಭಿಕ್ಷು ಉಪಾಸಕನ ಮನೆಯಲ್ಲಿ ಚೆಂದದ ಕರುವೊಂದನ್ನು ಕಣ್ಣು ಕೀಳದೆ ನೋಡಿದ. ಯಾಕೆಂದು ಕೇಳಿದ್ದಕ್ಕೆ ಇದರ ತೊಗಲು ನನಗೆ ಬೇಕು ಎಂದ. ಉಪಾಸಕ ಕರುವನ್ನು ಕೊಂದು ಚರ್ಮ ಕೊಟ್ಟ. ಭಿಕ್ಷು ಅದನ್ನು ಚೀವರದೊಳಗೆ ಮುಚ್ಚಿಟ್ಟುಕೊಂಡು ಹೊರಟ. ತಾಯಿ ಹಸು ಅವನ ಹಿಂದೆಯೇ ಬಂತು. ಜೊತೆಗಾರರು ಕೇಳಿದರು, ಈ ಹಸು ಯಾಕೆ ನಿನ್ನ ಬೆನ್ನು ಬಿಡುತ್ತಿಲ್ಲ? ಅವನು ಗೊತ್ತಿಲ್ಲವೆಂದ.

ಕೊಲ್ಲದೆ ತೊಗಲು ಪಡೆಯಬಹುದೇ ಎಂಬ ಪ್ರಶ್ನೆಯನ್ನು ನಮ್ಮ ಕಾಲಕ್ಕೆ ಹತ್ತಿರದಲ್ಲಿ ಎತ್ತಿಕೊಂಡವರು ಗಾಂಧಿ. ಹೊಸೂರು ರಸ್ತೆಯ ಆಡುಗೋಡಿಯಲ್ಲಿ, ಬಿಟಿಎಂ ಲೇಔಟಿನಿಂದ ಹೆಚ್ಚು ದೂರವಿಲ್ಲದ ಕಡೆ, ರಾಷ್ಟ್ರೀಯ ಹೈನುಗಾರಿಕೆ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರವಿದೆ. 1923ರಲ್ಲಿ ಶುರುವಾದ ಈ ಸಂಸ್ಥೆಗೆ 1927ರಲ್ಲಿ ಗಾಂಧಿ ಬಂದರು. ಕಾಯಿಲೆ ಬಿದ್ದು ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದು ಇಳಿದಿದ್ದರು. ಹಸು ಸಾಕುವುದನ್ನು ಇಲ್ಲಿ ವಿದ್ಯಾರ್ಥಿಯಂತೆ ಕಲಿತು, ಪುಸ್ತಕದಲ್ಲಿ ಸಹಿ ಹಾಕುವಾಗ ಸಾಬರಮತಿಯ ರೈತ ಎಂದು ಬರೆದರು. ಗೋಶಾಲೆಗಳ ಬಗ್ಗೆ ಅವರ ನಿಲುವು ಹಲವು ಭಕ್ತರಿಗೆ ಗಂಟಲಲ್ಲಿ ಇಳಿಯಲಿಲ್ಲ. ಹೈನುಗಾರಿಕೆಯ ಜೊತೆ ಚರ್ಮ ಹದಮಾಡುವ ಕೆಲಸವೂ ಇರಬೇಕು, ತಾನಾಗಿ ಸತ್ತ ದನದ ತೊಗಲನ್ನು ವ್ಯರ್ಥ ಮಾಡಬಾರದು, ಹಾಗೆ ಮಾಡಿದರೆ ಕೊಲ್ಲುವ ಅಗತ್ಯವೇ ಕಡಿಮೆಯಾಗುತ್ತದೆ ಎಂಬುದು ಅವರ ಲೆಕ್ಕ. ಬಾಯಿಮಾತಲ್ಲ, ಕೈಯಲ್ಲಿ ವಿದ್ಯೆ ಇತ್ತು. ದಕ್ಷಿಣ ಆಫ್ರಿಕದಲ್ಲಿ ಗೆಳೆಯ ಕಾಲೆನ್‌ಬಾಕ್ ಟ್ರಾಪಿಸ್ಟ್ ಸಂನ್ಯಾಸಿಗಳಿಂದ ಕಲಿತು ಬಂದ ಚಪ್ಪಲಿ ಹೊಲಿಗೆಯನ್ನು ಗಾಂಧಿ ಅವನಿಂದ ಕಲಿತಿದ್ದರು. 1914ರಲ್ಲಿ ಆ ದೇಶ ಬಿಡುವಾಗ ತಮ್ಮನ್ನು ಜೈಲಿಗೆ ಹಾಕಿದ್ದ ಜನರಲ್ ಸ್ಮಟ್ಸ್‌ಗೆ ಒಂದು ಜೊತೆ ಕೊಟ್ಟರು. ಸ್ಮಟ್ಸ್ ಹಲವು ಬೇಸಿಗೆ ಅವನ್ನು ತೊಟ್ಟು, 1939ರಲ್ಲಿ ಗಾಂಧಿಗೆ 70 ತುಂಬಿದಾಗ ಹಿಂದಿರುಗಿಸಿದ. 25 ವರ್ಷ. ಅದರಲ್ಲಿ ಎಲಾಸ್ಟಿಕ್ ಇರಲಿಲ್ಲ ಎಂಬುದನ್ನೂ ಗಮನಿಸಬೇಕು.

ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿಯೂ ಎಲಾಸ್ಟಿಕ್ ಇಲ್ಲದ ಇದೇ ದಾರಿಯದು. ಕೊಲ್ಹಾಪುರಿ ಎಂಬ ಹೆಸರಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಿಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಸೇರಿವೆ. ಗಿಡದ ತೊಗಟೆ, ಕಾಯಿಗಳ ಒಗರಿನಲ್ಲಿ ಹದವಾದ ಚರ್ಮ. ಅಟ್ಟೆಯೂ ಚರ್ಮ, ಪಟ್ಟಿಯೂ ಚರ್ಮ, ಹೊಲಿಗೆಯೂ ಚರ್ಮದ ದಾರದ್ದೇ. ಸಾಯುವುದಾದರೆ ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ ಸಾಯುತ್ತವೆ. ನಗರದ ಶೂ ಹಾಗಲ್ಲ, ಅದು ಆಯಸ್ಸು ಒಂದಕ್ಕೊಂದು ಹೊಂದದವರ ಕೂಡುಕುಟುಂಬ.

ಋಣ ತೀರಿಸೋಣ, ರಿಪೇರಿ ಮಾಡಿಸೋಣ ಎಂದು ಹೊರಟವರು ತಲುಪುವುದು ಫುಟ್‌ಪಾತಿಗೆ. ಜಯನಗರದ ಅಂಗಡಿ ಸಾಲುಗಳ ನಡುವೆ ಮರದ ಬುಡದಲ್ಲೋ ಛತ್ರಿಯ ಕೆಳಗೋ ಕೂತವರ ಕೈಯಲ್ಲಿ ಈ ಕೆಲಸ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಹಳೇ ಪಟ್ಟಿಯ ಹೊಲಿಗೆಯನ್ನು ಚೂಪು ಕತ್ತಿಯ ತುದಿಯಿಂದ ಒಂದೊಂದಾಗಿ ಬಿಚ್ಚುತ್ತಾರೆ, ಯಾಕೆಂದರೆ ತೊಗಲು ಹರಿದರೆ ಆಟ ಮುಗಿಯಿತು. ಹೊಸ ಪಟ್ಟಿಯನ್ನು ಮೇಲಿನ ಚರ್ಮಕ್ಕೂ ಒಳಪದರಕ್ಕೂ ನಡುವೆ ತೂರಿಸಿ, ತೆಳ್ಳಗೆ ಸೊಲ್ಯೂಷನ್ ಸವರಿ ಕೂರಿಸುತ್ತಾರೆ. ಆಮೇಲೆ ಸೂಜಿ ಹೋಗಬೇಕಾದದ್ದು ಹಳೇ ತೂತುಗಳಲ್ಲೇ. ಪಕ್ಕದಲ್ಲಿ ಹೊಸ ತೂತು ಹಾಕಿದರೆ ಚರ್ಮ ಅಂಚೆಚೀಟಿಯಂತೆ ಆ ಸಾಲಿನಲ್ಲೇ ಹರಿಯುತ್ತದೆ. ಎರಡೂ ಶೂಗಳ ನಾಲ್ಕೂ ಪಟ್ಟಿಗಳನ್ನು ಒಟ್ಟಿಗೆ ಬದಲಿಸಬೇಕು, ಇಲ್ಲವಾದರೆ ಒಂದು ಕಾಲಿಗೆ ಬಿಗಿ, ಇನ್ನೊಂದಕ್ಕೆ ಸಡಿಲ.

ಧರ್ಮದ ಪ್ರಶ್ನೆ ಇಲ್ಲಿಯೇ ಬಿಗಿಯಾಗುವುದು. ತೊಗಲು ಅಶುದ್ಧವೆಂದು ಹೊಸ್ತಿಲಾಚೆ ಇಡುವ ಸಮಾಜ ತೊಗಲಿನ ಕೆಲಸದವರನ್ನೂ ಶತಮಾನಗಳ ಕಾಲ ಅಲ್ಲಿಯೇ ಇಟ್ಟಿತು. ಗಾಂಧಿ ಆಡುಗೋಡಿಗೆ ಬಂದ ವರ್ಷವೇ, 1927ರ ಮಾರ್ಚಿನಲ್ಲಿ, ಅಂಬೇಡ್ಕರ್ ಮಹಾಡದಲ್ಲಿ ತಮ್ಮ ಜನಕ್ಕೆ ಸತ್ತ ದನದ ಮಾಂಸ ತಿನ್ನುವುದನ್ನು ಬಿಡಿ ಎಂದು ಕರೆ ಕೊಟ್ಟಿದ್ದರು. ಒಬ್ಬರಿಗೆ ಸತ್ತ ದನ ಅಹಿಂಸೆಯ ದಾರಿಯಾಗಿ ಕಂಡರೆ, ಇನ್ನೊಬ್ಬರಿಗೆ ಅದು ಕೊರಳಿಗೆ ಕಟ್ಟಿದ ನೊಗ. ಎರಡರಲ್ಲಿ ಅಂಬೇಡ್ಕರರ ಮಾತೇ ಗಟ್ಟಿ. ಪ್ರಾಣಿಯ ಋಣ ತೀರಿಸುವ ಪುಣ್ಯ ತೊಟ್ಟವನಿಗೆ, ಬಿಸಿಲಲ್ಲಿ ಕೂತು ತೀರಿಸುವ ಕೆಲಸ ಮಾತ್ರ ಒಂದೇ ಜಾತಿಯ ಮಗನಿಗೆ ಎಂದಾದರೆ ಅದು ಋಣ ತೀರಿಸಿದಂತಲ್ಲ, ದಾಟಿಸಿದಂತೆ. ಚಮ್ಮಾರರ ಮಕ್ಕಳು ಕಾಲೇಜಿಗೆ ಹೋಗಿ ಬೇರೆ ಕೆಲಸ ಹಿಡಿಯುತ್ತಿರುವುದರಿಂದ ರಿಪೇರಿ ಸಿಗುವುದಿಲ್ಲವೆಂದು ಗೊಣಗುವವರು ಇದನ್ನು ಯೋಚಿಸಬೇಕು.

ಹಾಗಾದರೆ ಹೊಣೆ ಯಾರದ್ದು? ಮಾರಿದವನದ್ದು ಎನ್ನುವುದೇ ನ್ಯಾಯ. 1932ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದ ಆರ್.ಎಂ. ವಿಲಿಯಮ್ಸ್ ಕಂಪನಿ ಇದೇ ಬಗೆಯ ಬೂಟಿಗೆ ಹೆಸರಾದದ್ದು. ಹಳೇ ಬೂಟು ಕಳಿಸಿದರೆ ಸೋಲನ್ನೂ ಎಲಾಸ್ಟಿಕ್ಕನ್ನೂ ಬದಲಿಸಿ ವಾಪಸ್ ಕೊಡುವ ವ್ಯವಸ್ಥೆ ಅವರದ್ದೇ ಕಾರ್ಖಾನೆಯಲ್ಲಿದೆ. ಮಾಡುವವರು ಸಂಬಳದ ಕೆಲಸಗಾರರು, ತಲೆಯ ಮೇಲೆ ಸೂರಿದೆ. ಕರ್ನಾಟಕದಲ್ಲಿ 1976ರಿಂದ ಲಿಡ್ಕರ್ ಎಂಬ ಸರ್ಕಾರಿ ಚರ್ಮ ನಿಗಮವೇ ಇದೆ. ಇಂಥ ರಿಪೇರಿ ಕಾರ್ಯಾಗಾರಕ್ಕೆ ಅದಕ್ಕಿಂತ ಸಹಜವಾದ ಮನೆ ಇನ್ನೊಂದಿಲ್ಲ. ಅಲ್ಲಿಯವರೆಗೆ ಜೆ.ಪಿ. ನಗರದ ದೊಡ್ಡ ಶೋರೂಮುಗಳಲ್ಲಿ ಯಾರಾದರೂ ಬಿಲ್ ಮಾಡಿಸುವ ಮುಂಚೆ, ಈ ಎಲಾಸ್ಟಿಕ್ ಹೋದರೆ ಬದಲಿಸಿಕೊಡ್ತೀರಾ ಎಂದು ಕೇಳಿ ನೋಡಬಹುದು. ಹುಡುಗ ಒಂದು ಕ್ಷಣ ಯೋಚಿಸಿ, ಬಾಳಿಕೆ ಬರಬೇಕಾದರೆ ಇದನ್ನ ಹಚ್ಚಿ ಸರ್ ಎಂದು ಪಾಲಿಶ್ ಡಬ್ಬಿಯೊಂದನ್ನು ಮುಂದಿಟ್ಟರೆ ಆಶ್ಚರ್ಯಪಡಬೇಕಿಲ್ಲ.