ಎರಡು ದ್ರಾಕ್ಷಿ, ಒಂದು ಹನಿ ರಕ್ತ

ಕಳೆದ ರಜೆಯಲ್ಲಿ ಮಳವಳ್ಳಿಯ ನಮ್ಮ ಮನೆಯಲ್ಲಿ ಒಂದು ಸಿನಿಮಾದ ಬಗ್ಗೆ ಅಪ್ಪ-ಮಗಳ ನಡುವೆ ವಾಗ್ವಾದ ನಡೆಯಿತು. ಪಿಯುಸಿ ಓದುತ್ತಿರುವ ಮಗಳು ಗೆಳತಿಯೊಬ್ಬಳಿಂದ 'ಪ್ಯಾನ್ಸ್ ಲ್ಯಾಬಿರಿಂತ್' ಎಂಬ ಸ್ಪ್ಯಾನಿಷ್ ಚಿತ್ರವನ್ನು ತಂದಿದ್ದಳು. ಮೆಕ್ಸಿಕೋ ದೇಶದ ಗಿಯೆರ್ಮೊ ದೆಲ್ ತೋರೊ 2006ರಲ್ಲಿ ತೆಗೆದ ಚಿತ್ರವದು. ಮೂರು ಆಸ್ಕರ್ ಪಡೆದ ಈ ಚಿತ್ರವನ್ನು ಬಹಳ ವರ್ಷಗಳ ಹಿಂದೆಯೇ ಮಂಡ್ಯದ ಗೆಳೆಯರೊಬ್ಬರ ಕೋಣೆಯಲ್ಲಿ ಡಿವಿಡಿ ಹಾಕಿಕೊಂಡು ನಾವು ನೋಡಿದ್ದೆವು. ಆಗ ಮದುವೆಯಾಗಿರಲಿಲ್ಲ. ಆಗ ಕಂಡದ್ದು ಬೇರೆ, ಮಗಳ ಪಕ್ಕ ಕುಳಿತು ನೋಡುವಾಗ ಕಂಡದ್ದು ಬೇರೆ.

ಚಿತ್ರ ನೋಡದವರಿಗಾಗಿ ಕತೆಯನ್ನು ಸ್ವಲ್ಪ ಹೇಳಬೇಕು. ಕಾಲ 1944. ಸ್ಪೇನಿನ ಅಂತರ್ಯುದ್ಧ ಮುಗಿದು, ಜನರಲ್ ಫ್ರಾಂಕೋ ಗೆದ್ದು, ಐದು ವರ್ಷಗಳಾಗಿವೆ. ಕಾಡಿನಲ್ಲಿ ಇನ್ನೂ ಅಲ್ಲಲ್ಲಿ ಬಂಡುಕೋರರಿದ್ದಾರೆ. ಅವರನ್ನು ಮುಗಿಸಲೆಂದು ವಿಡಾಲ್ ಎಂಬ ಕ್ಯಾಪ್ಟನ್ ಒಂದು ಹಳೆಯ ಗಿರಣಿಯಲ್ಲಿ ಠಾಣೆ ಹೂಡಿದ್ದಾನೆ. ಅವನನ್ನು ಮರುಮದುವೆಯಾದ ವಿಧವೆಯೊಬ್ಬಳು ತುಂಬು ಗರ್ಭಿಣಿಯಾಗಿ ಅಲ್ಲಿಗೆ ಬರುತ್ತಾಳೆ, ಜೊತೆಗೆ ಮೊದಲ ಗಂಡನ ಮಗಳು ಒಫೀಲಿಯಾ. ಗಿರಣಿಯ ಬಳಿಯ ಹಳೆಯ ಕಲ್ಲಿನ ಚಕ್ರವ್ಯೂಹದಲ್ಲಿ ಆ ಹುಡುಗಿಗೆ ಮೇಕೆಯ ಕೊಂಬು, ಮೇಕೆಯ ಕಾಲುಗಳುಳ್ಳ ಫಾನ್ ಎಂಬ ಜೀವಿ ಸಿಗುತ್ತದೆ. 'ನೀನು ಪಾತಾಳಲೋಕದ ರಾಜಕುಮಾರಿ, ಮೂರು ಪರೀಕ್ಷೆ ಗೆದ್ದರೆ ನಿನ್ನ ಮನೆಗೆ ಮರಳಬಹುದು' ಎನ್ನುತ್ತದೆ.

ಎರಡನೆಯ ಪರೀಕ್ಷೆಯಲ್ಲಿ ಒಂದು ನೆಲಮಾಳಿಗೆ. ಉದ್ದನೆಯ ಮೇಜಿನ ತುಂಬ ಹಣ್ಣು, ಮಾಂಸ, ಸಿಹಿತಿಂಡಿ. ಮೇಜಿನ ತಲೆಯಲ್ಲಿ ಕಣ್ಣಿಲ್ಲದ, ಜೋತುಬಿದ್ದ ಚರ್ಮದ ಒಂದು ಬಿಳಿಚ ಪಿಶಾಚಿ ಕುಳಿತಿದೆ. ಅದರ ಕಣ್ಣುಗಳು ಮುಂದಿನ ತಟ್ಟೆಯಲ್ಲಿವೆ. ಗೋಡೆಯ ಮೇಲೆ ಅದು ಮಕ್ಕಳನ್ನು ತಿನ್ನುವ ಚಿತ್ರಗಳು, ಮೂಲೆಯಲ್ಲಿ ಮಕ್ಕಳ ಚಪ್ಪಲಿ-ಬೂಟುಗಳ ರಾಶಿ. ಏನನ್ನೂ ಮುಟ್ಟಬೇಡ ಎಂದು ಫಾನ್ ಮೊದಲೇ ಹೇಳಿದೆ. ಹುಡುಗಿ ಎರಡು ದ್ರಾಕ್ಷಿ ತಿನ್ನುತ್ತಾಳೆ. ಪಿಶಾಚಿ ಎದ್ದು, ಅವಳನ್ನು ತಡೆಯಲು ಬಂದಿದ್ದ ಇಬ್ಬರು ಪುಟ್ಟ ಯಕ್ಷಿಣಿಯರನ್ನು ಕಚ್ಚಿ ತಿಂದುಬಿಡುತ್ತದೆ. ಕೊನೆಯ ಪರೀಕ್ಷೆ ಇನ್ನೂ ಕಠಿಣ. ಹೆರಿಗೆಯಲ್ಲಿ ತಾಯಿ ಸತ್ತಿದ್ದಾಳೆ, ತಮ್ಮ ಹುಟ್ಟಿದ್ದಾನೆ. ಆ ಕೂಸನ್ನು ತಾ, ಇನ್ನು ಪ್ರಶ್ನೆ ಕೇಳಕೂಡದು ಎನ್ನುತ್ತದೆ ಫಾನ್. ತಂದ ಮೇಲೆ, ಬಾಗಿಲು ತೆರೆಯಲು ನಿರಪರಾಧಿಯ ರಕ್ತ ಬೇಕು, ಒಂದೇ ಹನಿ ಸಾಕು ಎನ್ನುತ್ತದೆ. ಹುಡುಗಿ ಕೊಡುವುದಿಲ್ಲ. ಹಿಂದೆಯೇ ಬಂದ ಕ್ಯಾಪ್ಟನ್ ಕೂಸನ್ನು ಕಿತ್ತುಕೊಂಡು ಅವಳಿಗೆ ಗುಂಡು ಹಾರಿಸುತ್ತಾನೆ.

ಚಿತ್ರ ಮುಗಿದ ಮೇಲೆ ಮಗಳು ಕೇಳಿದಳು: "ಅಬ್ಬಾ, ದ್ರಾಕ್ಷಿ ತಿಂದಾಗ ಮಾತು ಮೀರಿದ್ದು ತಪ್ಪಾಯ್ತು. ಕೊನೇಲಿ ಮಾತು ಮೀರಿದ್ದಕ್ಕೆ ಸಿಂಹಾಸನ ಸಿಕ್ತು. ಎರಡೂ ಮಾತು ಮೀರಿದ್ದೇ ತಾನೆ?"

ನಾವು ತಕ್ಷಣ, ಅಭ್ಯಾಸಬಲದಿಂದ, ಇರಾದೆ ಮುಖ್ಯ ಎಂದೆವು. ಮನಸ್ಸಿನಲ್ಲಿ ಏನಿತ್ತು ಎಂಬುದೇ ಕರ್ಮದ ಬೆಲೆ ನಿರ್ಧರಿಸುತ್ತದೆ ಎಂದು ಬಾಲ್ಯದಿಂದ ಕೇಳಿಕೊಂಡು ಬಂದವರು ನಾವು. ಅವಳು ಒಪ್ಪಲಿಲ್ಲ. ಹಸಿದ ಹುಡುಗಿ ಹಣ್ಣು ತಿಂದದ್ದರಲ್ಲಿ ಕೆಟ್ಟ ಇರಾದೆ ಏನಿದೆ? ರಾತ್ರಿ ಊಟ ಕೊಡದೆ ಮಲಗಿಸಿದ್ದರಲ್ಲವೇ ಅವಳನ್ನು? ಕ್ಯಾಪ್ಟನ್ನನಿಗೂ ತನ್ನ ಇರಾದೆ ಒಳ್ಳೆಯದೆಂದೇ ಅನಿಸಿತ್ತಲ್ಲ, ಶುದ್ಧವಾದ ಹೊಸ ಸ್ಪೇನಿನಲ್ಲಿ ಮಗ ಹುಟ್ಟಲಿ ಎಂದೇ ತಾನೇ ಅವನು ಹೇಳುವುದು? ನಮ್ಮ ಬಳಿ ಉತ್ತರವಿರಲಿಲ್ಲ.

ಉತ್ತರವಿಲ್ಲದ್ದಕ್ಕೆ ಒಂದು ಕಾರಣ ನಮ್ಮ ಓದಿನಲ್ಲೇ ಇದೆ. ಉರ್ದು ಶಾಲೆಯಲ್ಲಿ ಓದಿದವರಿಗೆ ಸ್ಪೇನ್ ಎಂದರೆ ಉಂದುಲುಸ್. 1933ರಲ್ಲಿ ಇಕ್ಬಾಲ್ ಕಾರ್ಡೋವಾದ ಮಸೀದಿಗೆ ಹೋಗಿಬಂದು ಬರೆದ ಕವಿತೆ, ನಸೀಮ್ ಹಿಜಾಝಿಯ ಕಾದಂಬರಿಗಳ ಕುದುರೆ ಸವಾರರು, ಗ್ರಾನಡಾ ಕಳೆದುಕೊಂಡ ದುಃಖ. ನಮ್ಮ ಸ್ಪೇನ್ 1492ಕ್ಕೆ ಮುಗಿದುಹೋಗಿತ್ತು. ಇಕ್ಬಾಲರು ಹೋಗಿಬಂದ ಮೂರೇ ವರ್ಷಕ್ಕೆ, 1936ರಲ್ಲಿ, ಅದೇ ನೆಲದಲ್ಲಿ ಅಣ್ಣ-ತಮ್ಮಂದಿರು ಕೊಂದುಕೊಂಡದ್ದನ್ನು, ಕವಿ ಲೋರ್ಕಾನನ್ನು ಗುಂಡಿಕ್ಕಿ ಕೊಂದದ್ದನ್ನು ಯಾರೂ ನಮಗೆ ಹೇಳಿರಲಿಲ್ಲ. ಇನ್ನೊಂದು ಸಂಗತಿಯನ್ನಂತೂ ಬಹಳ ತಡವಾಗಿ ಓದಿದೆವು. ಫ್ರಾಂಕೋನ ಸೈನ್ಯದ ಮುಂಚೂಣಿಯಲ್ಲಿ ಮೊರೊಕ್ಕೋದಿಂದ ತಂದ ಸಾವಿರಾರು ಮುಸ್ಲಿಂ ಸಿಪಾಯಿಗಳಿದ್ದರು. ಬಡ ಬೆಟ್ಟಗಾಡಿನ ಹುಡುಗರು ಸಂಬಳಕ್ಕೂ ರೊಟ್ಟಿಗೂ ಬಂದವರು. ಹೇಳಿದಂತೆ ಮಾಡಿದರು. ಚಿತ್ರದಲ್ಲಿ ಕ್ಯಾಪ್ಟನ್ನನ ಊಟದ ಮೇಜಿಗೆ ಒಬ್ಬ ಪಾದ್ರಿಯೂ ಬಂದು ಕೂರುತ್ತಾನೆ. ಊರವರ ರೇಷನ್ ಕಡಿಮೆ ಮಾಡುವ ಮಾತು ನಡೆಯುವಾಗ ಅವನು ತಟ್ಟೆ ತುಂಬಿಕೊಳ್ಳುತ್ತಿರುತ್ತಾನೆ. ಅದನ್ನು ನೋಡಿ 'ಅವರ ಧರ್ಮದವರು ಹಾಗೆ' ಎಂದು ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಆ ಮೇಜಿಗೆ ಎಲ್ಲ ಧರ್ಮದವರನ್ನೂ ಕರೆಯುತ್ತಾರೆ, ಎಲ್ಲ ಧರ್ಮದವರೂ ಹೋಗುತ್ತಾರೆ.

ಅಂದಹಾಗೆ, ಆ ಊಟದ ಮೇಜು ಮತ್ತು ಪಿಶಾಚಿಯ ಮೇಜು ಒಂದೇ ಬಗೆಯವು. ಕ್ಯಾಪ್ಟನ್ನನೂ ಉದ್ದ ಮೇಜಿನ ತಲೆಯಲ್ಲೇ ಕೂರುತ್ತಾನೆ. ಉಗ್ರಾಣದ ಬೀಗದ ಕೈ ಅವನ ಜೇಬಿಗೆ ಸೇರುತ್ತದೆ. ಮಂಡ್ಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬು ಬೆಳೆದವನು, ಭತ್ತ ಬೆಳೆದವನು ಯಾರದೋ ಬಾಗಿಲಲ್ಲಿ ಚೀಟಿ ಹಿಡಿದು ನಿಲ್ಲುವುದು ನಮಗೆ ಹೊಸ ದೃಶ್ಯವಲ್ಲ.

ಎರಡು ದಿನ ಬಿಟ್ಟು ಮಗಳಿಗೆ ನಾವು ಹೇಳಿದ್ದು ಇಷ್ಟು. ದ್ರಾಕ್ಷಿ ತಿಂದವಳು ಒಫೀಲಿಯಾ, ಸತ್ತವರು ಯಕ್ಷಿಣಿಯರು. ಅಲ್ಲಿ ಮಾತು ಮೀರಿದ್ದರ ಬೆಲೆಯನ್ನು ಬೇರೆಯವರು ತೆತ್ತರು. ಕೊನೆಯಲ್ಲಿ ಮಾತು ಮೀರಿದವಳೂ ಅವಳೇ, ಸತ್ತವಳೂ ಅವಳೇ. ಮಾತು ಕೇಳಿದ್ದಿದ್ದರೆ ಬೆಲೆ ತೆರುತ್ತಿದ್ದದ್ದು ಮಾತೇ ಬಾರದ ಕೂಸು. ಕೇಳುವುದೋ ಮೀರುವುದೋ ಎನ್ನುವುದಕ್ಕಿಂತ ಮೊದಲು, ಇದರ ನೋವು ಯಾರ ಮೈಮೇಲೆ ಬೀಳುತ್ತದೆ ಎಂದು ನೋಡಬೇಕು.

"ಅಂದರೆ ತಾನು ಸಾಯೋಕೆ ತಯಾರಿದ್ದವರು ಏನು ಮಾಡಿದ್ರೂ ಸರೀನಾ?" ಎಂದಳು. ಅಲ್ಲ. ಕ್ಯಾಪ್ಟನ್ನನೂ ಸಾವಿಗೆ ಹೆದರುವವನಲ್ಲ. ಅವನ ಅಪ್ಪ ರಣರಂಗದಲ್ಲಿ ಸಾಯುವಾಗ ಮಗನಿಗೆ ಹೊತ್ತು ತಿಳಿಯಲೆಂದು ಗಡಿಯಾರ ಒಡೆದು ಸತ್ತವನು. ಮಗ ಆ ಗಡಿಯಾರ ಇಟ್ಟುಕೊಂಡೇ ಇದ್ದಾನೆ. ಸಾಯುವ ಧೈರ್ಯ ಕೊಲ್ಲುವವನಿಗೂ ಇರುತ್ತದೆ. ತನ್ನ ಮೈಮೇಲೆ ತಗೊಳ್ಳುವುದರ ಜೊತೆಗೆ, ಇನ್ನೊಬ್ಬರ ಮೈಮೇಲೆ ಹಾಕದಿರುವುದೂ ಬೇಕು.

ಮಾತು ಇಲ್ಲಿಗೆ ಬಂದಾಗ ನಮಗೆ ನೆನಪಾದದ್ದು ಮನೆಯಿಂದ ದೂರವಿಲ್ಲದ ಶಿವಪುರ. ಮದ್ದೂರಿನ ಹೆದ್ದಾರಿಯಲ್ಲಿ ಬಸ್ಸಿನಲ್ಲಿ ಹೋಗುವವರೆಲ್ಲ ಸತ್ಯಾಗ್ರಹ ಸೌಧವನ್ನು ನೋಡಿರುತ್ತಾರೆ, ಇಳಿದು ಒಳಗೆ ಹೋದವರು ಕಡಿಮೆ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಅಲ್ಲಿ ಸೇರಿತು. ಮದ್ದೂರಿನ ಎಚ್.ಕೆ. ವೀರಣ್ಣಗೌಡರು ಓಡಾಡಿ ಜನ ಸೇರಿಸಿದವರಲ್ಲಿ ಒಬ್ಬರು, ಟಿ. ಸಿದ್ದಲಿಂಗಯ್ಯನವರು ಅಧ್ಯಕ್ಷರು. ತ್ರಿವರ್ಣ ಧ್ವಜ ಹಾರಿಸಕೂಡದೆಂದು ಸರ್ಕಾರದ ಆಜ್ಞೆ ಇತ್ತು. ಹಾರಿಸಿದರು, ಬಂಧನಕ್ಕೆ ಒಳಗಾದರು. ಸುತ್ತಲಿನ ಹಳ್ಳಿಗಳಿಂದ ಬಂದ ಒಕ್ಕಲುಮಕ್ಕಳು ಪೊಲೀಸರ ಮೇಲೆ ಕಲ್ಲೆತ್ತದೆ ಅದನ್ನು ನೋಡಿದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಅದೇ ಧ್ವಜಕ್ಕಾಗಿ ಸೇರಿದವರ ಮೇಲೆ ಗುಂಡು ಹಾರಿ ಹೆಣಗಳು ಬಿದ್ದವು. ಆಮೇಲೆ ಪಟೇಲರೊಂದಿಗೆ ಮಾತುಕತೆಯಾಗಿ, ಸಂಸ್ಥಾನದ ಧ್ವಜದ ಜೊತೆ ಆ ಧ್ವಜವನ್ನೂ ಹಾರಿಸಲು ಒಪ್ಪಿಗೆಯಾಯಿತು.

ಇಲ್ಲಿ ಒಂದು ಇಕ್ಕಟ್ಟಿದೆ, ಮುಚ್ಚಿಡುವುದು ಬೇಡ. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. 1926ರಿಂದ 1941ರವರೆಗೆ ಅವರ ಕಾಲ. ಮಂಡ್ಯದ ಸಕ್ಕರೆ ಕಾರ್ಖಾನೆ, ಕನ್ನಂಬಾಡಿಯ ಬೃಂದಾವನ, ನಾಲೆಯ ನೀರು, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾದದ್ದು, ಎಲ್ಲವೂ ಅವರ ಆಡಳಿತದಲ್ಲಿ. ನಮ್ಮ ಮನೆಗಳಲ್ಲಿ ಅವರ ಹೆಸರನ್ನು ಅಭಿಮಾನದಿಂದಲೇ ಹೇಳುತ್ತಾರೆ, ನಾವೂ ಹೇಳುತ್ತೇವೆ. ಆದರೆ ಆ ಆಜ್ಞೆಯೂ ಅವರ ಸರ್ಕಾರದ್ದೇ. ಹಾಗೆಂದು ಮಿರ್ಜಾ ಅವರನ್ನು ಫ್ರಾಂಕೋನ ಸಾಲಿಗೆ ಸೇರಿಸುವುದು ಶುದ್ಧ ಅವಿವೇಕ. ತಮಗೆ ಆಗದವರನ್ನೆಲ್ಲ ಫ್ಯಾಸಿಸ್ಟ್ ಎಂದು ಕರೆದರೆ ನಿಜವಾದ ಫ್ಯಾಸಿಸ್ಟ್ ಬಂದಾಗ ಕರೆಯಲು ಪದ ಉಳಿಯುವುದಿಲ್ಲ. ತಪ್ಪು ಮಾಡಿದ ಪ್ರಭುತ್ವ ಮಾತುಕತೆಗೆ ಕೂತಿತು, ಒಂದು ಹೆಜ್ಜೆ ಹಿಂದೆ ಸರಿಯಿತು. ವಿಡಾಲ್ ಹಿಂದೆ ಸರಿಯುವವನಲ್ಲ. ನಾವು ಹೇಳಬಯಸುವುದು ಇಷ್ಟೇ: ಒಳ್ಳೆಯ ಆಡಳಿತಗಾರನ ಆಜ್ಞೆಯೂ ಕೆಲವೊಮ್ಮೆ ಮೀರಬೇಕಾದದ್ದಾಗಿರುತ್ತದೆ. ಅವನು ಕಟ್ಟಿಸಿದ ನಾಲೆಯ ನೀರು ಕುಡಿದವರಿಗೂ ಆ ಹಕ್ಕು ಇದೆ.

ಮಗಳಿಗೆ ಅವಳಜ್ಜಿಯ ಕಾಲದ ಇನ್ನೊಂದು ಕತೆಯನ್ನೂ ಹೇಳಿದೆವು. ನಮ್ಮ ಬೀದಿಗೆ ತಂಬೂರಿ ಹಿಡಿದು ನೀಲಗಾರರು ಬರುತ್ತಿದ್ದರು, ನಮ್ಮ ಅಮ್ಮಿ ಮೊರದಲ್ಲಿ ರಾಗಿ ತಂದು ಹಾಕಿ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದರು. ಮದ್ದೂರು ಕಡೆಯ ನಿಡಘಟ್ಟದ ಆಚಾರರ ಮನೆಯ ಹುಡುಗ ಮಂಟೇಸ್ವಾಮಿಯ ಶಿಷ್ಯನಾಗಿ ಸಿದ್ದಪ್ಪಾಜಿಯಾದ ಕತೆ ಅದು. ಗುರು ಅವನನ್ನು ಕಬ್ಬಿಣದ ಭಿಕ್ಷೆಗೆ ನಮ್ಮ ತಾಲ್ಲೂಕಿನ ಹಲಗೂರಿಗೆ ಕಳಿಸುತ್ತಾನೆ. ಅಲ್ಲಿಯ ಪಾಂಚಾಳರು ಕೊಡುವುದಿಲ್ಲ, ಪರೀಕ್ಷೆಗೆ ಒಡ್ಡುತ್ತಾರೆ, ವಿಷ ಕುಡಿಸುತ್ತಾರೆ. ಅಲ್ಲಿಯೂ ಪರೀಕ್ಷೆ, ಅಲ್ಲಿಯೂ ಈ ಲೋಕದ್ದಲ್ಲದ ಸಂಗತಿಗಳು. ಸಿದ್ದಪ್ಪಾಜಿ ಗುರುವಿನ ಮಾತು ಮೀರಿದವನಲ್ಲ, ಕೇಳಿದವನು. ಆದರೂ ಒಫೀಲಿಯಾಳ ಪಕ್ಕ ಅವನನ್ನು ಕೂರಿಸಲು ನಮಗೆ ಸಂಕೋಚವಿಲ್ಲ. ವಿಷದ ಬಟ್ಟಲನ್ನು ಅವನು ಪಕ್ಕದವನ ಕೈಗೆ ದಾಟಿಸಲಿಲ್ಲ.

ಇಷ್ಟು ಹೇಳಿದ ಮೇಲೆ ಅವಳು ನಾವು ಹೆದರಿದ್ದ ಪ್ರಶ್ನೆಯನ್ನೇ ಕೇಳಿದಳು. ಬಕ್ರೀದ್‌ಗೆ ಇನ್ನೇನು ಸ್ವಲ್ಪ ದಿನವಿತ್ತು. ಪ್ರವಾದಿ ಇಬ್ರಾಹೀಮರು ಮಗನನ್ನೇ ಅರ್ಪಿಸಲು ಹೊರಟರಲ್ಲ, ಅದು ಆಜ್ಞೆ ಪಾಲಿಸಿದ್ದಲ್ಲವೇ? ನಾವು ಆಲಿಮರಲ್ಲ, ಕತೆ ಬರೆಯುವವರು. ತಫ್ಸೀರ್ ಹೇಳುವ ಯೋಗ್ಯತೆ ನಮಗಿಲ್ಲ. ಆದರೆ ಕತೆಗಾರನ ಕಣ್ಣಿಗೆ ಬೀಳುವ ಒಂದು ವಿವರ ಆ ಪ್ರಸಂಗದಲ್ಲಿದೆ. ಕುರ್‌ಆನಿನಲ್ಲಿ ಇಬ್ರಾಹೀಮರು ತಮ್ಮ ಕನಸನ್ನು ಮಗನಿಗೆ ಹೇಳಿ, ನಿನಗೇನನಿಸುತ್ತದೆ ಎಂದು ಕೇಳುತ್ತಾರೆ. ಮಗ ಬಾಯಿ ಬಿಟ್ಟು ಒಪ್ಪುತ್ತಾನೆ. ಕೊನೆಗೆ ಆ ಮಗನ ರಕ್ತ ಬೀಳುವುದೂ ಇಲ್ಲ. ದೇವರ ಆಜ್ಞೆ ಹೊತ್ತ ಪ್ರವಾದಿಯೇ ಮಗನನ್ನು ಕೇಳಿದರೆ, ತಾನು ದೇವರೂ ಅಲ್ಲದ, ಪ್ರವಾದಿಯೂ ಅಲ್ಲದ ಕ್ಯಾಪ್ಟನ್ ಯಾರನ್ನೂ ಕೇಳುವುದಿಲ್ಲ. ಕೂಸನ್ನಂತೂ ಕೇಳಲು ಬರುವುದಿಲ್ಲ.

ಪ್ರಶ್ನೆ ಕೇಳದೆ ಪಾಲಿಸು ಎಂದು ಫಾನ್ ಹೇಳಿದಾಗ, ಆ ಮಾತಿನಲ್ಲಿ ಕ್ಯಾಪ್ಟನ್ನನ ದನಿಯೇ ಕೇಳುತ್ತದೆ. ಚಿತ್ರದಲ್ಲಿ ಒಬ್ಬ ಡಾಕ್ಟರ್ ಇದ್ದಾನೆ. ಚಿತ್ರಹಿಂಸೆಯಿಂದ ಜರ್ಜರಿತನಾದ ತೊದಲು ಬಂಡುಕೋರನನ್ನು ಬದುಕಿಸಿ ಮತ್ತೆ ಬಾಯಿ ಬಿಡಿಸುವ ಬದಲು ಅವನ ನೋವು ಕೊನೆಗಾಣಿಸುತ್ತಾನೆ. ಏಕೆ ಹೇಳಿದಂತೆ ಕೇಳಲಿಲ್ಲ ಎಂದರೆ, ಯೋಚಿಸದೆ ಪಾಲಿಸುವುದು ನಿಮ್ಮಂಥವರಿಗೆ ಮಾತ್ರ ಸಾಧ್ಯ ಎಂಬರ್ಥದ ಉತ್ತರ ಕೊಟ್ಟು, ತನ್ನ ಪೆಟ್ಟಿಗೆ ಎತ್ತಿಕೊಂಡು ಮಳೆಯಲ್ಲಿ ನಡೆಯುತ್ತಾನೆ. ಬೆನ್ನಿಗೆ ಗುಂಡು ಬೀಳುತ್ತದೆ. ನಮಗೆ ಆಗ ಸ್ನೇಹಲತಾ ರೆಡ್ಡಿಯವರ ನೆನಪಾಯಿತು. 'ಸಂಸ್ಕಾರ'ದ ಚಂದ್ರಿ. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಅವರನ್ನು ಬೆಂಗಳೂರಿನ ಜೈಲಿನಲ್ಲಿಟ್ಟರು. ಉಬ್ಬಸದಲ್ಲಿ ನರಳಿ, ಹೊರಬಿಟ್ಟ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಫ್ರಾಂಕೋ ಸತ್ತು ಆಗಿನ್ನೂ ಒಂದು ವರ್ಷ ಚಿಲ್ಲರೆ ಆಗಿತ್ತು.

ಇಷ್ಟೆಲ್ಲ ಬರೆದು, ಬರೆಯದೆ ಬಿಡಬಹುದಾಗಿದ್ದ ಒಂದನ್ನು ಬರೆಯುತ್ತಿದ್ದೇವೆ. ಚಿತ್ರದ ಆರಂಭದಲ್ಲೇ ಒಬ್ಬ ಮುದುಕನನ್ನೂ ಅವನ ಮಗನನ್ನೂ ಬಂಡುಕೋರರೆಂದು ಹಿಡಿದು ತರುತ್ತಾರೆ. ಮೊಲ ಬೇಟೆಗೆ ಹೋಗಿದ್ದೆವು ಎನ್ನುತ್ತಾರೆ ಅವರು. ಕ್ಯಾಪ್ಟನ್ ಮಗನ ಮುಖವನ್ನು ಬಾಟಲಿಯಿಂದ ಜಜ್ಜಿ, ಇಬ್ಬರನ್ನೂ ಕೊಂದ ಮೇಲೆ ಚೀಲದಲ್ಲಿ ಕೈಹಾಕುತ್ತಾನೆ. ಮೊಲ ಸಿಗುತ್ತದೆ. ಇನ್ನು ಮೇಲೆ ಸರಿಯಾಗಿ ಹುಡುಕಿ ತನ್ನಿ ಎಂದು ಸಿಪಾಯಿಗಳಿಗೆ ಗದರುತ್ತಾನೆ. ಮೊದಲ ಸಲ ನೋಡಿದಾಗ ನಾವು ಕ್ಯಾಪ್ಟನ್ನನನ್ನು ನೋಡಿದ್ದೆವು. ಈ ಸಲ ಸುಮ್ಮನೆ ನಿಂತ ಸಿಪಾಯಿಗಳನ್ನು ನೋಡಿದೆವು.

ಏಳನೆಯ ತರಗತಿಯಲ್ಲಿ ನಾವು ಲೀಡರ್. ಒಬ್ಬನ ಜಾಮಿಟ್ರಿ ಬಾಕ್ಸ್ ಕಳೆದಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಕದ್ದನೆಂದು ಮೇಷ್ಟ್ರು ತೀರ್ಮಾನಿಸಿದರು. ಅವನ ಚೀಲವನ್ನು ಯಾರೂ ನೋಡಲಿಲ್ಲ. 'ಕೈ ಹಿಡ್ಕೊಳ್ಳೋ' ಎಂದರು ನಮಗೆ. ಹಿಡಿದುಕೊಂಡೆವು, ಎರಡೂ ಮಣಿಕಟ್ಟು ಸೇರಿಸಿ. ಬೆತ್ತ ಬೀಳುವಾಗ ಅವನು ಕೈ ಎಳೆದುಕೊಳ್ಳಲು ನೋಡಿದಷ್ಟೂ ನಾವು ಬಿಗಿ ಮಾಡಿದೆವು. ಮಾರನೆಯ ದಿನ ಬಾಕ್ಸ್ ಅದರ ಒಡೆಯನ ಮನೆಯಲ್ಲೇ ಸಿಕ್ಕಿತು. ಮೊದಲು ಮನೇಲಿ ನೋಡೋಕೇನಾಗಿತ್ತು ಎಂದು ಮೇಷ್ಟ್ರು ಆ ಹುಡುಗನಿಗೆ ಗದರಿದರು. ನಮಗೆ ಯಾರೂ ಏನೂ ಹೇಳಲಿಲ್ಲ. ಮಾತು ಕೇಳುವ ಹುಡುಗ ಎಂಬ ಹೆಸರಿತ್ತು ನಮಗೆ.

ಅವನೀಗ ಮದ್ದೂರಿನಲ್ಲಿ ಎಳನೀರು ವ್ಯಾಪಾರ ಮಾಡುತ್ತಾನೆ. ಆ ಕಡೆ ಹೋದಾಗ ಸಿಗುತ್ತಾನೆ. ಮೊನ್ನೆ ಮಗಳೂ ಜೊತೆಗಿದ್ದಳು. ಅವಳಿಗೆ ಇದನ್ನು ಹಿಂದಿನ ರಾತ್ರಿಯಷ್ಟೇ ಹೇಳಿದ್ದೆವು.

"ಏನ್ಲಾ, ಮಗೀನ್ ಕರ್ಕೊಂಡ್ ಬಂದಿದ್ದೀಯ? ಯಾವ್ ಕ್ಲಾಸವ್ವ ನೀನು?" ಎಂದು ಎರಡು ಎಳನೀರು ಕೆತ್ತಿ ಕೊಟ್ಟ. ದುಡ್ಡು ಬೇಡವೆಂದ. ಮಳೆಯ ಬಗ್ಗೆ, ನಾಲೆಗೆ ನೀರು ಬಿಡುವ ಬಗ್ಗೆ ಮಾತಾಡಿದೆವು. ಮಚ್ಚು ಹಿಡಿದ ಅವನ ಕೈಯನ್ನು ಮಗಳು ನೋಡುತ್ತಿದ್ದಳು.

ಮಳವಳ್ಳಿ ಬಸ್ಸು ಹತ್ತಿದ ಮೇಲೆ, "ಇವರೇನಾ ಅಬ್ಬಾ?" ಎಂದಳು.

ಹೌದೆಂದೆವು.

"ನೀವು ಏನೂ ಹೇಳಲೇ ಇಲ್ಲ ಅವರಿಗೆ."

ಇಲ್ಲ ಎಂದೆವು.