ಹರಕೆ ಹೊತ್ತವರು ಯಾರು, ತೀರಿಸುವವರು ಯಾರು?

ಬೆಟ್ಟ ಹತ್ತಿ ಬರುವವರೆಲ್ಲ ಸಂತೋಷಕ್ಕೇ ಬರುತ್ತಾರೆಂದು ಹೇಳಲಾಗದು. ಮದುವೆ ನಿಶ್ಚಯವಾಯಿತೆಂದು, ಮಗು ಹುಟ್ಟಿತೆಂದು ಬರುವವರು ಒಂದು ಕಡೆ. ಮನೆಯವರೊಬ್ಬರನ್ನು ದವಾಖಾನೆಯಲ್ಲಿ ಮಲಗಿಸಿ, ಅಲ್ಲಿ ಕೂತಿರಲಾರದೆ ಓಡಿ ಬರುವವರು ಇನ್ನೊಂದು ಕಡೆ. ಅಂಥವರ ಕೈ ಮುಗಿದಿದ್ದರೂ ಕಿವಿ ಮಾತ್ರ ಜೇಬಿನ ಫೋನಿನ ಕಡೆಗೇ ಇರುತ್ತದೆ. ಅದರ ಮೇಲೆ ಒಂದು ಅಳುಕು ಬೇರೆ: ದೇವರ ಮೇಲೆ ಭಾರ ಹಾಕಿದ ಮೇಲೂ ಚಿಂತೆ ಬಿಡಲಿಲ್ಲವಲ್ಲ, ನಮ್ಮ ಭಕ್ತಿಯಲ್ಲೇ ಕೊರತೆ ಇರಬಹುದೋ ಏನೋ?

ಇದನ್ನು ಒಂದು ಮನೆಯ ಮೂಲಕ ನೋಡೋಣ. ಅಫಜಲಪುರ ತಾಲ್ಲೂಕಿನ ಕರಜಗಿಯಲ್ಲಿ ಒಂದು ಒಕ್ಕಲುತನದ ಮನೆ ಎಂದು ಇಟ್ಟುಕೊಳ್ಳಿ. ಯಾರ ಮನೆಯೆಂದು ಹುಡುಕುವುದು ಬೇಡ, ಇಂಥ ಮನೆ ಪ್ರತಿ ಊರಲ್ಲಿಯೂ ಇದೆ. ತೊಗರಿ ರಾಶಿಯ ದಿನಗಳು. ಮನೆಯ ಸೊಸೆಗೆ ಆರು ತಿಂಗಳಿಂದ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬರುತ್ತಿತ್ತು, ಹೋಗುತ್ತಿತ್ತು. ಹಬ್ಬದ ಊಟವಾದ ರಾತ್ರಿ, ಕರಿದದ್ದು ತಿಂದ ರಾತ್ರಿ ಜಾಸ್ತಿ. "ಗ್ಯಾಸ್ ಆಗ್ಯಾದ, ಹೋಗ್ತದ ಬಿಡ್ರಿ" ಎಂದು ಸೋಡಾ ಕುಡಿದು ಸುಮ್ಮನಾದಳು. ಮಗ್ಗಲು ಮನೆಯವರು "ಹರಳ ಇರಬೇಕು" ಎಂದು ಬಾಳೆದಿಂಡಿನ ರಸ ಕುಡಿಸಿದರು. ಮೂತ್ರಪಿಂಡದ ಸಣ್ಣ ಹರಳಾದರೆ ಮೂತ್ರದ ದಾರಿಯಲ್ಲಿ ಹೊರಬೀಳಬಹುದು. ಪಿತ್ತಕೋಶದ ಹರಳಿಗೆ ಆ ದಾರಿಯೇ ಇಲ್ಲ. ಅದು ಯಾರಿಗೆ ಗೊತ್ತು? ರಾಶಿ ಮುಗಿಯಲಿ ಎಂದು ಆಕೆಯೂ ತಡೆದಳು, ಮನೆಯವರೂ ಕೇಳಲಿಲ್ಲ.

ಒಂದು ರಾತ್ರಿ ನೋವು ಇಳಿಯಲೇ ಇಲ್ಲ. ವಾಂತಿ, ಚಳಿಜ್ವರ, ನೋವು ಬೆನ್ನಿಗೂ ಬಲಭುಜಕ್ಕೂ ಹತ್ತಿತು. 108 ಕರೆಸಿದರು. ಕಲಬುರಗಿಗೆ ಒಯ್ಯಬೇಕೋ, ಸೊಲ್ಲಾಪುರಕ್ಕೋ ಎಂದು ಅಂಗಳದಲ್ಲಿಯೇ ಚರ್ಚೆ. ಕಡೆಗೆ ಕಲಬುರಗಿ. ಪರೀಕ್ಷೆ ಮಾಡಿದ ವೈದ್ಯರು "ಪಿತ್ತಕೋಶಕ್ಕೆ ಬಾವು ಬಂದದ, ತಡಾ ಮಾಡಬ್ಯಾಡ್ರಿ, ತೆಗೀಬೇಕು" ಎಂದರು.

ತೆಗೆಯುವುದೆಂದರೆ ಎದೆ ಝಲ್ಲೆನ್ನುವುದು ಸಹಜ. ಪಿತ್ತಕೋಶವು ಯಕೃತ್ತಿನ ಅಡಿಯಲ್ಲಿರುವ ಸಣ್ಣ ಚೀಲ. ಯಕೃತ್ತಿನಲ್ಲಿ ತಯಾರಾದ ಪಿತ್ತರಸವನ್ನು ಕೂಡಿಟ್ಟು, ಜಿಡ್ಡಿನ ಊಟವಾದಾಗ ಕರುಳಿಗೆ ಬಿಡುವುದು ಅದರ ಕೆಲಸ. ಬಾಯಿಗೆ ಹರಳು ಸಿಕ್ಕಿಕೊಂಡರೆ ಚೀಲ ಉಬ್ಬಿ ಬಾವು ಬರುತ್ತದೆ, ಹಾಗೇ ಬಿಟ್ಟರೆ ಕೊಳೆತು ಒಡೆಯಲೂಬಹುದು. ಚೀಲ ತೆಗೆದರೂ ಪಿತ್ತರಸ ಯಕೃತ್ತಿನಿಂದ ನೇರವಾಗಿ ಕರುಳಿಗೆ ಇಳಿಯುತ್ತದೆ, ಮನುಷ್ಯ ಉಂಡು ತಿಂದು ಬದುಕುತ್ತಾನೆ. 1882ರ ಜುಲೈ 15ರಂದು ಬರ್ಲಿನ್ ನಗರದಲ್ಲಿ ಕಾರ್ಲ್ ಲಾಂಗೆನ್‌ಬುಖ್ ಎಂಬ ವೈದ್ಯರು 43 ವರ್ಷದ ರೋಗಿಯೊಬ್ಬರ ಪಿತ್ತಕೋಶ ತೆಗೆದು ಇದನ್ನು ಮೊದಲು ತೋರಿಸಿದರು. ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ ಸಣ್ಣ ತೂತುಗಳಿಂದ ಕ್ಯಾಮೆರಾ ಇಳಿಸಿ ಮಾಡುವ ಪದ್ಧತಿಯನ್ನು ನಮ್ಮ ದೇಶಕ್ಕೆ ತಂದವರು ಮುಂಬಯಿಯ ಡಾ. ತೆಹಮ್ಟನ್ ಉದ್ವಾಡಿಯಾ, 1990ರಲ್ಲಿ. ಹಾಗಂತ "ಇದೇನ್ ದೊಡ್ಡ ಆಪರೇಷನ್ನಾ?" ಎಂದು ನಗಾಡುವವರ ಮಾತು ನಂಬಬೇಕಿಲ್ಲ. ದಿನ ಗೊತ್ತುಮಾಡಿ ಮಾಡಿಸುವುದಕ್ಕಿಂತ ಬಾವು ಬಂದ ಮೇಲೆ ಮಾಡುವುದರಲ್ಲಿ ಅಪಾಯ ಹೆಚ್ಚೇ. ಚಿಂತೆಗೆ ಕಾರಣ ಇದೆ.

ಚಿತೆಗೂ ಚಿಂತೆಗೂ ಒಂದು ಸೊನ್ನೆಯ ಅಂತರ ಎನ್ನುತ್ತಾರೆ. ಹೇಳಿದವರು ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತವರಿರಲಾರರು. ಅಲ್ಲಿ ಚಿಂತಿಸದವನು ಭಕ್ತನಲ್ಲ, ಸಂಬಂಧವೇ ಇಲ್ಲದವನು. ಆದುದರಿಂದ ಚಿಂತೆ ಬಂತೆಂದು ಯಾವ ಭಕ್ತನೂ ನಾಚಬೇಕಾಗಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಈ ಚಿಂತೆಯ ಖರ್ಚು ಯಾರು ಕೊಡುತ್ತಿದ್ದಾರೆ?

ಆ ರಾತ್ರಿ ಏನೇನಾಯಿತು ನೋಡಿ. ಊರಿನಿಂದ ಹಿರಿಯರ ಫೋನು: "ನಾಳಿ ಅಮಾಸಿ ಅದ, ಅಮಾಸಿ ಕಳೀಲಿ." ಅಮಾವಾಸ್ಯೆ ಕಳೆಯುವ ತನಕ ಬಾವು ಕಾಯುತ್ತದೆಯೇ? ಅಂಜಿಕೆ ಫೋನಿನವರದು, ತಡವಾದರೆ ಹೊಟ್ಟೆ ಒಡೆಯುವುದು ಆಕೆಯದು. ಸೋದರತ್ತೆ ಸೀಸೆಯಲ್ಲಿ ತೀರ್ಥ ತಂದು ಬಾಯಿಗೆ ಬಿಡಲು ಹೋದಳು, ನರ್ಸ್ ತಡೆದಳು, ಜಗಳವೇ ಆಯಿತು. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಬರುತ್ತದೆ, ಅದಕ್ಕೇ ಉಪವಾಸ ಇಡುವುದು. ತೀರ್ಥವನ್ನು ಕಣ್ಣಿಗೆ ಒತ್ತಿದರೂ ತೀರ್ಥವೇ. ಆ ಗದ್ದಲದಲ್ಲಿ ನಿಜವಾದ ಕೆಲಸ ಮಾಡಿದವನು ಮೈದುನ ಒಬ್ಬನೇ. ರೇಷನ್ ಕಾರ್ಡು ಮನೆಯಲ್ಲೇ ಉಳಿದಿತ್ತು. 2018ರಿಂದ ಇರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಗೆ ಅದು ಬೇಕೆಂದು ತಿಳಿದು, ಕತ್ತಲಲ್ಲೇ ಬೈಕ್ ಹತ್ತಿ ಕರಜಗಿಗೆ ಹೋಗಿ ತಂದ. ಅವನು ಚಿಂತಿಸಿದನೋ ಇಲ್ಲವೋ ಯಾರೂ ನೋಡಲಿಲ್ಲ.

ಆಪರೇಷನ್‌ಗೆ ಮುಂಚೆ ವೈದ್ಯರು ಸೊಸೆಯ ಹತ್ತಿರ ಬಂದು, ಏನು ಮಾಡುತ್ತೇವೆ, ತೂತಿನಿಂದ ಆಗದಿದ್ದರೆ ಹೊಟ್ಟೆ ತೆರೆಯಬೇಕಾದೀತು ಎಂದೆಲ್ಲ ಬಿಡಿಸಿ ಹೇಳಿ ಆಕೆಯ ಕೈಯಿಂದಲೇ ಸಹಿ ಮಾಡಿಸಿಕೊಂಡರು. ಅದೇ ಹೊತ್ತಿಗೆ ಹೊರಗೆ ಅತ್ತೆ ಸೆರಗೊಡ್ಡಿ ಬೇಡಿಕೊಂಡಳು: "ಅಕಿ ಉಳದ್ರ ಹದಿನೈದು ದಿನದಾಗ ಅಕಿ ಕಡಿಂದ ಬರಿಗಾಲಿಲೆ ಗುಡ್ಡಾ ಹತ್ತಸ್ತೀನಿ, ಉರುಳುಸೇವಾ ಮಾಡಸ್ತೀನಿ." ಚಾಕು ಹಿಡಿದವರು ಆಕೆಯನ್ನು ಕೇಳಿದರು. ಹರಕೆ ಹೊತ್ತವರು ಕೇಳಲಿಲ್ಲ.

ಅತ್ತೆಯನ್ನು ಬೈಯುವುದು ಸುಲಭ. ಆ ತಾಯಿಯೂ ನೋವು ಮುಚ್ಚಿಕೊಂಡೇ ಮುದುಕಿಯಾದವಳು. ಸೊಸೆ "ಗ್ಯಾಸ್" ಎಂದಾಗ ನಂಬಿದ್ದು ಕೆಟ್ಟತನದಿಂದಲ್ಲ, ತಾನೂ ಹಾಗೇ ಹೇಳುತ್ತಿದ್ದಳು. ಆರು ತಿಂಗಳು ಕೇಳದೇ ಇದ್ದುದರ ಬಾಧೆ ಒಂದೇ ರಾತ್ರಿ ಎದೆಗೆ ಬಂತು, ಕೈಗೆ ಸಿಕ್ಕಿದ್ದನ್ನೇ ದೇವರಿಗೆ ಒಪ್ಪಿಸಿದಳು. ಸಿಕ್ಕಿದ್ದು ಸೊಸೆಯ ಮೈ. ಇನ್ನೊಬ್ಬರ ಹೆಸರಲ್ಲಿ ಸಾಲ ತೆಗೆದ ಹಾಗಾಯಿತು. ಹಾಗೆ ತೆಗೆದ ಸಾಲವನ್ನು ಬ್ಯಾಂಕೇ ಒಪ್ಪುವುದಿಲ್ಲ, ದೇವರು ಒಪ್ಪಿಯಾನೆಂದು ನಂಬುವುದು ಕಷ್ಟ. ಹೊಟ್ಟೆಯ ಗಾಯ ಒಳಗೆ ಮಾಯಲು ವಾರಗಳು ಬೇಕು. ಮೆಲ್ಲಗೆ ನಡೆದಾಡಲು ವೈದ್ಯರೇ ಹೇಳುತ್ತಾರೆ, ಭಾರ ಎತ್ತಬೇಡ ಎನ್ನುತ್ತಾರೆ. ಅಂಥ ಹೊಟ್ಟೆಯನ್ನು ಕಲ್ಲಿನ ಮೇಲೆ ಉರುಳಿಸಿದರೆ ಅದು ಯಾರ ಭಕ್ತಿ?

ಹೊತ್ತ ಹರಕೆ ಬದಲಿಸಿದರೆ ದೋಷವೆಂದು ಹೆದರಿಸುವವರು ಇದ್ದಾರೆ. ಬಿಡುವುದು ಬೇರೆ, ತನ್ನ ತಲೆಯ ಮೇಲೆ ತೆಗೆದುಕೊಳ್ಳುವುದು ಬೇರೆ. ಚಿಂತೆ ಅತ್ತೆಯದಾಗಿದ್ದರೆ ಮೆಟ್ಟಿಲೂ ಅತ್ತೆಯವೇ.

ಆಪರೇಷನ್ ಸುಸೂತ್ರವಾಯಿತು. ಹದಿನೈದನೆಯ ದಿನಕ್ಕೆ ಯಾರೂ ಬೆಟ್ಟಕ್ಕೆ ಬರಲಿಲ್ಲ, ಹಾಗೆ ತಡೆದವಳು ಅತ್ತೆಯೇ. ಬಂದದ್ದು ಬೇಸಿಗೆಯಲ್ಲಿ. ಸೊಸೆ ಕೆಳಗೆ ಬೇವಿನ ಮರದ ನೆರಳಲ್ಲಿ ಎಲ್ಲರ ಚಪ್ಪಲಿ ಕಾಯುತ್ತಾ ಕೂತಳು. ಮೊಣಕಾಲು ಹಿಡಿದುಕೊಂಡ ಮುದುಕಿ ಬರಿಗಾಲಲ್ಲಿ ಹತ್ತು ಮೆಟ್ಟಿಲಿಗೊಮ್ಮೆ ಕೂತು ಎದ್ದು ಹತ್ತತೊಡಗಿತು. ಕಲ್ಲು ಕಾದಿತ್ತು. ತಿರುವು ದಾಟಿ ಸೀರೆ ಕಾಣದಾದಾಗ ಸೊಸೆ ಎದ್ದು ನಿಂತು ಗಂಡನಿಗೆ ಫೋನ್ ಹಚ್ಚಿದಳು. "ಅತ್ತಿ ನೀರ ಕುಡದಾರೇನ್ ನೋಡ್ರಿ. ಮ್ಯಾಲ ಮುಟ್ಟಿದ ಕೂಡ್ಲೆ ನನಗ ಹೇಳ್ರಿ, ಮರೀಬ್ಯಾಡ್ರಿ."