ತಪ್ಪಿಲ್ಲ ಅಂದ್ರ ಹೆಂಗ್ರಿ?

ಸಾಕ್ಷಿಕಟ್ಟೆ ಹತ್ತಿದ ಮನೋವೈದ್ಯನಿಗೆ ಸರ್ಕಾರಿ ವಕೀಲರು ತಪ್ಪದೆ ಕೇಳುವ ಪ್ರಶ್ನೆ: ‘ಘಟನೆ ನಡೆದಾಗ ನೀವು ಅಲ್ಲಿದ್ದಿರಾ?’ ಇರಲಿಲ್ಲ. ಆರೋಪಿಯನ್ನು ಪೊಲೀಸರು ನನ್ನೆದುರು ಕೂರಿಸುವುದು ತಿಂಗಳುಗಳ ನಂತರ. ಕಾನೂನಿಗೋ ಆ ಒಂದು ಗಳಿಗೆಯ ಮನಸ್ಸು ಬೇಕು. 1860ರ ದಂಡಸಂಹಿತೆಯ 84ನೇ ಕಲಮು, 2024ರಿಂದ ನ್ಯಾಯಸಂಹಿತೆಯ 22, ಕೇಳುವುದು ಅದನ್ನೇ: ಮಾಡುವಾಗ ತಾನೇನು ಮಾಡುತ್ತಿದ್ದೇನೆ, ಅದು ತಪ್ಪು ಎಂಬ ಅರಿವು ಇತ್ತೇ? ರೋಗವಿದ್ದರಷ್ಟೇ ಸಾಲದು. ಅರಿವು ಕೆಟ್ಟಿತ್ತೆಂದು ತೋರಿಸುವ ಭಾರವೂ ಆರೋಪಿಯದೇ.

ಬಿಡುಗಡೆಯ ತೀರ್ಪಿನಲ್ಲೂ, ಕೃತ್ಯವನ್ನು ಅವನೇ ಮಾಡಿದನೋ ಇಲ್ಲವೋ ಎಂದು ನ್ಯಾಯಾಧೀಶರು ಬೇರೆಯಾಗಿ ಬರೆಯಬೇಕು. ಕೃತ್ಯ ಇವನದು, ಅಪರಾಧ ಇವನದಲ್ಲ. ಕರ್ತೃ ಯಾರೆಂದು ಗೀತೆಯ ಭಾಷ್ಯಕಾರರು ಶತಮಾನಗಟ್ಟಲೆ ವಾದಿಸಿದ್ದನ್ನು ಸೆಷನ್ಸ್ ಕೋರ್ಟು ಒಂದು ಪ್ಯಾರಾದಲ್ಲಿ ಮುಗಿಸುತ್ತದೆ!

ಧಾರವಾಡದ ಕಡೆಯ ಒಬ್ಬ ರೈತನಿಗೆ ಅದು ಮುಗಿದಿಲ್ಲ. ಅವ್ವನ ವೇಷದಲ್ಲಿ ಬೇರೆ ಯಾರೋ ಬಂದು ವಿಷ ಹಾಕುತ್ತಿದ್ದಾರೆಂದು ನಂಬಿ ಕುಡಗೋಲು ಎತ್ತಿದ್ದ. ಮಾತ್ರೆ ಹಿಡಿದ ಮೇಲೆ ಎಲ್ಲವೂ ಮಸುಕಾಗಿ ನೆನಪಾಯಿತು. ತೀರ್ಪು ತಿಳಿಸಿದಾಗ ಅಂದ: ‘ಸಾಹೇಬ್ರ, ನಾ ಮಾಡಿದ್ದು ಖರೆ. ತಪ್ಪಿಲ್ಲ ಅಂದ್ರ ಹೆಂಗ್ರಿ?’

ವಿನಯಪಿಟಕದಲ್ಲಿ ಗಗ್ಗನೆಂಬ ಭಿಕ್ಷು ಬರುತ್ತಾನೆ. ಹುಚ್ಚು ಹಿಡಿದಾಗ ಭಿಕ್ಷುವಿಗೆ ಸಲ್ಲದ್ದನ್ನೆಲ್ಲ ಮಾಡಿದವನು. ಗುಣವಾದ ಮೇಲೂ ಜೊತೆಯವರು ಅದನ್ನೇ ಎತ್ತಿ ಕಾಡಿದರು. ನೆನಪಿಲ್ಲ ಎಂದ. ಬುದ್ಧ ಅವನಿಗೆ ‘ಅಮೂಢ ವಿನಯ’ ಕೊಡಿಸಿದ; ಆ ಮಾತು ಅಲ್ಲಿಗೆ ಮುಚ್ಚಿತು. ಆದರೆ ಕನಸಿನಲ್ಲಿ ಕಂಡಂತೆ ನೆನಪಿದೆ ಎನ್ನುವವನಿಗೆ ಅದು ಸಲ್ಲದು. ನನ್ನ ರೈತ ಸಿಕ್ಕಿಬೀಳುವುದು ಇಲ್ಲೇ. ಇಲ್ಲಿ ನಾನು ಸೆಷನ್ಸ್ ಕೋರ್ಟಿನ ಪಕ್ಷ: ಈಗಿನ ನೆನಪು ಆಗಿನ ಅರಿವಲ್ಲ. ಕಣ್ಣು ಕಂಡದ್ದು ಉಳಿದಿರಬಹುದು, ಎದುರಿಗಿದ್ದವಳು ಅವ್ವ ಎಂಬುದು ಆಗ ಅವನಿಗೆ ತಿಳಿದಿರಲೇ ಇಲ್ಲ.

ಹಾಗೆಂದು ಅವನ ಪ್ರಶ್ನೆಯನ್ನು ರೋಗಲಕ್ಷಣವೆಂದು ಕೇಸ್‌ಶೀಟಿನಲ್ಲಿ ಬರೆಯಲು ನನ್ನ ಕೈ ಏಳದು. ಕೋರ್ಟು ಅಪರಾಧವನ್ನು ತೆಗೆದುಹಾಕಬಹುದು, ಮಗ ತಾಯಿಗೆ ತೀರಿಸಬೇಕಾದ ಋಣವನ್ನು ತೆಗೆಯುವ ಅಧಿಕಾರ ಅದಕ್ಕಿಲ್ಲ. ಪ್ರಾಯಶ್ಚಿತ್ತಕ್ಕೆ ಅಪರಾಧಿಯೇ ಆಗಿರಬೇಕೆಂದೇನೂ ನನಗನಿಸುವುದಿಲ್ಲ.

ಬಿಡುಗಡೆಯಾದರೂ ಅವನಿನ್ನೂ ಆಸ್ಪತ್ರೆಯಲ್ಲೇ ಇದ್ದಾನೆ. ಮನೆಗೆ ಕಳಿಸಲು ಹತ್ತಿರದವರು ಭದ್ರತೆ ಬರೆದುಕೊಡಬೇಕು. ಮಹಾಲಯ ಅಮಾವಾಸ್ಯೆಗೆ ಅವ್ವನಿಗೆ ಎಡೆ ಇಡಲು ತನಗೆ ಹಕ್ಕಿದೆಯೇ ಎಂದು ಕೇಳಿದ. ಇದೆ ಎಂದೆ. ಅಣ್ಣನಿಗೂ ಹೇಳಿ ನೋಡಿದೆ. ಸಹಿ ಬೇಕಾದರೆ ಹಾಕುತ್ತೇನೆ, ಎಡೆಯ ಮಾತು ಮಾತ್ರ ಬೇಡ ಎಂದ.